ಕೌದಿ ಹೊತ್ತೊಯ್ದ ಮಂಗ

"ನಮ್ಮ ಕೆಂಚ ಈ ಬೋನಿನೊಳಗೆ ತಾನಾಗಿ ಹೋಗಿ ಮಲಗಿದ್ರೆ, ದೀಪಾವಳಿ ತನಕ ಈ ಮನೆ ಪಾತ್ರೆ ಎಲ್ಲಾ ನಾನೇ ತೊಳಿತೀನಿ. ಬೇಕಾದ್ರೆ ಬರೆದಿಟ್ಕೋ."

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ, ಶಿಕಾರಿಪುರದ ತನ್ನ ಮನೆಯ ನಡುಮನೆಯಲ್ಲಿ ನಿಂತು, ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈಯಲ್ಲಿ ಅರ್ಧ ತಿಂದ ದೋಸೆ ಹಿಡಿದು ಯತೀಶ ಈ ಭೀಷಣ ಪ್ರತಿಜ್ಞೆ ಮಾಡಿದ. ಹೆಂಡತಿ ರೋಜಾ ಸೀದಾ ಅಡುಗೆಮನೆಗೆ ಹೋಗಿ, ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ತಾರೀಕಿನ ಪಕ್ಕದಲ್ಲಿ ನಿಜವಾಗಿಯೂ ಬರೆದಿಟ್ಟಳು. ಯತೀಶನಿಗೆ ಆಗಲೇ ಸ್ವಲ್ಪ ಅನುಮಾನ ಬರಬೇಕಿತ್ತು, ಬರಲಿಲ್ಲ.

ಅವನು ಬೋನು ಎಂದು ಹೀಗಳೆದದ್ದು ಮನೆಯ ನಾಯಿ ಕೆಂಚನಿಗೆಂದು ಬಂದ, ಕಪ್ಪು ತಂತಿಯ, ಮಡಚಿಡಬಹುದಾದ ಒಂದು ದೊಡ್ಡ ಪೆಟ್ಟಿಗೆ. ಎದುರಿಗೊಂದು ಬಾಗಿಲು, ಕೆಳಗೊಂದು ತಟ್ಟೆ. ಸೊರಬದಲ್ಲಿರುವ ರೋಜಾಳ ತಮ್ಮ ಚನ್ನೇಶ್ ಅದನ್ನು ತನ್ನ ಕಾರಿನಲ್ಲಿ ಹಾಕಿಕೊಂಡು ಬಂದು ಇಳಿಸಿ ಹೋಗಿದ್ದ. ಅವನ ನಾಯಿ ಜೂಲಿ ಇಂಥದ್ದೇ ಪೆಟ್ಟಿಗೆಯಲ್ಲಿ ಮಹಾರಾಣಿಯ ಹಾಗೆ ಮಲಗುತ್ತದಂತೆ. ಗುಡುಗಲಿ, ಸಿಡಿಲು ಬೀಳಲಿ, ಕಣ್ಣೂ ತೆರೆಯುವುದಿಲ್ಲವಂತೆ. ಈ 'ಅಂತೆ'ಗಳನ್ನೆಲ್ಲ ಕೇಳಿ ಕೇಳಿಯೇ ಯತೀಶನಿಗೆ ಪೆಟ್ಟಿಗೆಯ ಮೇಲೆ ಸಿಟ್ಟು ಬಂದಿತ್ತು. ಸೊರಬದಿಂದ ಬಂದದ್ದು ಯಾವುದೂ ಅವನಿಗೆ ಒಮ್ಮೆಲೇ ಒಗ್ಗಿದ್ದಿಲ್ಲ, ರೋಜಾ ಒಬ್ಬಳನ್ನು ಬಿಟ್ಟರೆ.

"ಅದು ಬೋನಲ್ಲ ಮಾರಾಯ್ರೆ, ಗೂಡು" ಎಂದಳು ರೋಜಾ. "ಬಾಗಿಲು ತೆಗೆದೇ ಇರ್ತದೆ. ಹೆದರಿಕೆ ಆದಾಗ ಹೋಗಿ ಮಲಗಲಿಕ್ಕೆ ಅದಕ್ಕೂ ಒಂದು ಜಾಗ ಬೇಡವಾ? ಹೋದ ವರ್ಷ ಆದದ್ದು ಮರ್ತು ಹೋಯ್ತಾ?"

ಮರೆತಿರಲಿಲ್ಲ. ಹೋದ ವರ್ಷ ಬೀದಿಯ ಗಣಪತಿ ಬಿಡುವ ದಿನ, ಡಿಜೆ ಲಾರಿ ಮನೆ ಮುಂದೆ ಬಂದು ಮೊದಲ ಸಲ ಧಡ್ ಎಂದದ್ದೇ ತಡ, ಕೆಂಚ ಕಾಂಪೌಂಡು ಹಾರಿ ಓಡಿಹೋಗಿತ್ತು. ಎರಡು ದಿನ ಯತೀಶ ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಊರೂರು ಅಲೆದಿದ್ದ. ಕೊನೆಗೆ ಸಿಕ್ಕಿದ್ದು ಈಸೂರಿನ ಹತ್ತಿರ, ಒಂದು ಮೋರಿಯೊಳಗೆ, ಮುಂಗಾಲು ಹರಿದುಕೊಂಡು. ಆ ಮೋರಿಯ ಬಾಯಲ್ಲಿ ಕೂತು ನಲವತ್ತೆರಡು ವರ್ಷದ ಯತೀಶ ಮಗುವಿನಂತೆ ಅತ್ತಿದ್ದ. ಕಣ್ಣಿಗೆ ಧೂಳು ಬಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದ್ದ.

"ಈ ಸಲ ನಾನೇ ತೊಡೆ ಮೇಲೆ ಕೂರಿಸ್ಕೊಂಡು ಇರ್ತೀನಿ ಬಿಡು" ಎಂದ ಯತೀಶ. "ಇದು ಕುರಿ ಕಾಯೋ ವಂಶದ ನಾಯಿ ಕಣೇ. ಇದರವ್ವ ನಮ್ಮಪ್ಪನ ಹಿಂಡಿನಾಗೆ ತೋಳ ಓಡಿಸ್ತಿದ್ದಳು. ಇದನ್ನ ಪೆಟ್ಟಿಗೇಲಿ ಕೂರಿಸ್ತೀಯಾ?"

ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಅವನ ತಾಯಿ ನಿಂಗಮ್ಮ ತಲೆ ಎತ್ತದೆ ಹೇಳಿದರು. "ಎಳೇ ಕುರಿಮರಿಗೆ ಬುಟ್ಟಿ ಕವುಚಿ ಇಡ್ತಿರಲಿಲ್ಲೇನಲೇ? ಒಳಗೆ ಬೆಚ್ಚಗೆ ಮಲಗಿರಾವು. ನೀನೂ ಅದರ ಜತಿಗೆ ನುಗ್ಗಿ ಮಲಗ್ತಿದ್ದಿ."

ಆ ವಿಷಯವನ್ನು ಯತೀಶ ಅಲ್ಲಿಗೇ ಮುಕ್ತಾಯ ಮಾಡಿ ಅಂಗಡಿಗೆ ಹೊರಟ.

ಯತೀಶನದು ಪಶು ಆಹಾರದ ಅಂಗಡಿ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಬೂಸಾ, ತೌಡು, ಇವುಗಳ ನಡುವೆಯೇ ಅವನ ಬಾಳು. ಆ ವಾಸನೆ ಅವನ ಅಂಗಿಗೆ, ಅಂಗಿಯಿಂದ ಅವನಿಗೆ, ಅವನಿಂದ ಬೈಕಿಗೆ ಹತ್ತಿ ಎಷ್ಟೋ ವರ್ಷವಾಗಿತ್ತು. "ಅಂಗಡಿ ಅಂಗಿ ಹೊರಗೇ ಬಿಚ್ಚಿ ಬನ್ನಿ" ಎಂಬುದು ರೋಜಾ ದಿನವೂ ಹೇಳುವ ಸ್ವಾಗತದ ಮಾತು. ಕೆಂಚನಿಗೆ ಮಾತ್ರ ಇಂಥ ತಕರಾರು ಇರಲಿಲ್ಲ. ಸಂಜೆ ಯತೀಶ ಟಿವಿ ಮುಂದೆ ಕೂತರೆ ಅವನ ಎರಡೂ ಪಾದಗಳ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ಕಾಲು ಜೋಮು ಹಿಡಿದು ಕಲ್ಲಾದರೂ ಯತೀಶ ಅಲ್ಲಾಡುತ್ತಿರಲಿಲ್ಲ. ಇಡೀ ಮನೆಯಲ್ಲಿ ತನ್ನನ್ನು ತಕರಾರಿಲ್ಲದೆ ಒಪ್ಪಿಕೊಂಡ ಜೀವ ಇದೊಂದೇ ಎಂಬ ಹೆಮ್ಮೆ ಅವನಿಗೆ.

ಅಂಥ ಕೆಂಚ ಆರನೆಯ ದಿನಕ್ಕೆ ಪೆಟ್ಟಿಗೆಯೊಳಗೆ ಮಲಗಿತ್ತು.

ರೋಜಾ ಅದನ್ನು ತಳ್ಳಲಿಲ್ಲ, ಎಳೆಯಲಿಲ್ಲ. ಮೊದಲ ದಿನ ಮುದ್ದೆಯ ತಟ್ಟೆಯನ್ನು ಪೆಟ್ಟಿಗೆಯ ಬಾಗಿಲ ಹೊರಗಿಟ್ಟಳು. ಮಾರನೆಯ ದಿನ ಹೊಸ್ತಿಲ ಮೇಲೆ. ಆಮೇಲೆ ಒಂದು ಮೊಳ ಒಳಗೆ. ಮೂರು ಕಡೆ ಹಳೇ ದುಪ್ಪಟಿ ಇಳಿಬಿಟ್ಟು ಒಳಗೆ ತಂಪು ಮಬ್ಬು ಮಾಡಿದಳು. ಅಷ್ಟರಲ್ಲಿ ನಿಂಗಮ್ಮ ನಾಲ್ಕು ಮಧ್ಯಾಹ್ನ ಕೂತು ಹಳೇ ಬಟ್ಟೆ ಪದರ ಸೇರಿಸಿ ಒಂದು ಪುಟ್ಟ ಕೌದಿ ಹೊಲಿದು ಮುಗಿಸಿದ್ದರು. ಮೇಲೆ ರೋಜಾಳ ಹಳೆಯ ಹಸಿರು ಸೀರೆ, ಸುತ್ತ ಕೆಂಪು ಅಂಚು.

"ಯಾರಿಗವ್ವ ಕೌದಿ?" ಎಂದು ಯತೀಶ ಆಸೆಯಿಂದ ಕೇಳಿದ್ದ.

"ಕೆಂಚಗೆ."

ತಾಯಿ ತನಗೆ ಕೌದಿ ಹೊಲಿದು ಕೊಟ್ಟು ಎಷ್ಟು ವರ್ಷವಾಯಿತೆಂದು ಯತೀಶ ಲೆಕ್ಕ ಹಾಕಿದ. ಹದಿನೇಳು. ಹೊಟ್ಟೆಯೊಳಗೆ ಮೊದಲ ಕಿಡಿ ಬಿದ್ದದ್ದು ಆಗಲೇ. ಕೆಂಚ ಆ ಕೌದಿಯನ್ನು ಒಮ್ಮೆ ಮೂಸಿತು, ಎರಡು ಸುತ್ತು ತಿರುಗಿತು, ಉಸ್ಸೆಂದು ಉಸಿರು ಬಿಟ್ಟು ಮಲಗಿತು. ರೋಜಾ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿದಳು. ಯತೀಶ ತೋಳು ಮಡಚಿಕೊಂಡು ಸಿಂಕಿನ ಮುಂದೆ ಹೋಗಿ ನಿಂತ.

ಆ ಸಿಂಕಿನ ಮುಂದೆ ನಿಂತರೆ ಕಾಣುವುದು ಏನೆಂದುಕೊಂಡಿರಿ? ನೇರವಾಗಿ ಆ ಪೆಟ್ಟಿಗೆಯೇ. ದಿನವೂ ಎರಡು ಹೊತ್ತು ಯತೀಶ ಕುಕ್ಕರಿನ ತಳ ಉಜ್ಜುತ್ತಾ ತನ್ನ ಸವತಿಯನ್ನು ನೋಡಬೇಕಾಯಿತು. ಸವತಿ ಎನ್ನದೆ ಇನ್ನೇನೆನ್ನಬೇಕು? ಸಂಜೆ ಅವನು ಮನೆಗೆ ಬಂದರೆ ಕೆಂಚ ಎದ್ದು ಬರುತ್ತಿತ್ತು, ಬಾಲ ಆಡಿಸುತ್ತಿತ್ತು, ಕೈ ನೆಕ್ಕುತ್ತಿತ್ತು. ಆಮೇಲೆ, ಹಾಜರಿ ಹಾಕಿದ ನೌಕರನಂತೆ, ಸೀದಾ ಗೂಡಿಗೆ ಹೋಗಿ ಮಲಗುತ್ತಿತ್ತು. ಟಿವಿ ಮುಂದೆ ಯತೀಶನ ಪಾದಗಳು ಎರಡೂ ಹಾಗೆಯೇ ಅನಾಥವಾಗಿ ಬಿದ್ದಿರುತ್ತಿದ್ದವು. ತಂತಿಯ ಪೆಟ್ಟಿಗೆಯ ಮೇಲೆ ಗಂಡಸೊಬ್ಬ ಹೊಟ್ಟೆಕಿಚ್ಚು ಪಡುವುದು ಮರ್ಯಾದೆಯ ಕೆಲಸವಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಪಟ್ಟ. ಮನಸಾರೆ ಪಟ್ಟ.

ಒಂದು ಸಂಜೆ ಪೇಟೆಯಿಂದ ಮಟನ್ ಮೂಳೆ ಕಟ್ಟಿಸಿಕೊಂಡು ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಕೆಂಚಪ್ಪಾ, ಬಾರೋ, ನೋಡಿಲ್ಲಿ" ಎಂದು ಕೈ ಒಳಗೆ ಚಾಚಿದ.

"ರೀ, ಒಳಗೆ ಮಲಗಿದಾಗ ಅದನ್ನು ಯಾರೂ ಮಾತಾಡಿಸಬಾರದು" ಎಂದಳು ರೋಜಾ ಅಡುಗೆಮನೆಯಿಂದ. "ಅದೇ ಅದರ ನೇಮ. ಅಲ್ಲಿ ತನಗೆ ಯಾರ ಕಾಟವೂ ಇಲ್ಲ ಅಂತ ಅದಕ್ಕೆ ಗೊತ್ತಾಗ್ಬೇಕು."

"ನಾನು ಕಾಟಾನಾ?"

"ಕೈ ಹೊರಗೆ ತೆಗೀರಿ."

ಕೆಂಚ ಮೂಳೆಯನ್ನು ಮರ್ಯಾದೆಯಿಂದ ಬಾಯಲ್ಲಿ ತೆಗೆದುಕೊಂಡು, ಕೌದಿಯ ಮೇಲಿಟ್ಟುಕೊಂಡು, ಒಳಗೇ ಕಡಿಯಿತು.

ಯತೀಶ ಆ ವಾರವೆಲ್ಲ ಯೋಚಿಸಿದ. ಮೊದಲು ಬಂದ ತೀರ್ಮಾನ, ರೋಜಾ ಹೇಳುವುದೇ ನಿಜ, ತನ್ನ ಮೈಯ ಹಿಂಡಿ ವಾಸನೆಯೇ ನಾಯಿಗೂ ಬೇಡವಾಗಿದೆ ಎಂಬುದು. ಅಂದಿನಿಂದ ಅಂಗಡಿಯಿಂದ ಬಂದವನೇ ಗಂಧದ ಸೋಪು ಹಚ್ಚಿ ಸ್ನಾನ. ಬಿಚ್ಚಿದ ಅಂಗಿ, ಬನಿಯನ್ನು, ಪ್ಯಾಂಟು ಆಗಿಂದಾಗಲೇ ತಾನೇ ಬಕೆಟ್ಟಿನಲ್ಲಿ ನೆನೆಸಿ, ಕುಕ್ಕಿ, ಹಿಂಡಿ ತಂತಿಗೆ ಹಾಕುವುದು. ಒಗೆಯುವಾಗಲೇ ಅವನಿಗೆ ಹೊಳೆದದ್ದು, ತನ್ನ ಹಳೇ ಅಂಗಿಗಳು ನಾಲ್ಕು ಕಡಿಮೆ ಇವೆ ಎಂದು. ನೀಲಿ ಚೌಕಳಿಯದು, ಜೇಬು ಹರಿದದ್ದು, ಇನ್ನೆರಡು. "ಹರಿದಿದ್ವು, ಅತ್ತೆ ತಗೊಂಡ್ರು" ಎಂದಳು ರೋಜಾ. ನೆಲ ಒರೆಸುವುದಕ್ಕೆ ಹೋಗಿರಬೇಕು ಎಂದುಕೊಂಡು ಅವನು ಸುಮ್ಮನಾದ. ಈ ಮನೆಯಲ್ಲಿ ತನ್ನ ಅಂಗಿಗೆ ಅದಕ್ಕಿಂತ ದೊಡ್ಡ ಗತಿ ಸಿಕ್ಕೀತು ಎಂಬ ಭ್ರಮೆ ಅವನಿಗಿರಲಿಲ್ಲ.

ಎಷ್ಟು ಘಮಘಮಿಸಿದರೂ ಕೆಂಚ ಪಾದಕ್ಕೆ ಬರಲಿಲ್ಲ. ಬದಲಿಗೆ ದೂರದಿಂದಲೇ ಮೂಗು ಅರಳಿಸಿ, ಇವನು ಯಾರಪ್ಪಾ ಎಂಬಂತೆ ನೋಡತೊಡಗಿತು.

ಹಬ್ಬದ ವಾರ, ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಯತೀಶ ಪೆಟ್ಟಿಗೆಯೊಳಗೆ ತಲೆ ತೂರಿಸಿ ತನಿಖೆ ನಡೆಸಿದ. ಕಂಡದ್ದು ಹಸಿರು ಸೀರೆ. ರೋಜಾಳ ಸೀರೆ! ತಕ್ಷಣ ಅವನ ಕುರುಬನ ತಲೆ ಕೆಲಸ ಮಾಡಿತು. ಹಿಂಡಿನಲ್ಲಿ ಮರಿ ಸತ್ತ ತಾಯಿ ಕುರಿಗೆ ತಬ್ಬಲಿ ಮರಿಯನ್ನು ಕೂಡಿಸಬೇಕಾದರೆ, ಸತ್ತ ಮರಿಯ ತೊಗಲನ್ನು ತಬ್ಬಲಿಯ ಬೆನ್ನಿಗೆ ಕಟ್ಟುತ್ತಿದ್ದ ಅವನಪ್ಪ. ತಾಯಿ ಮುಖ ನೋಡುವುದಿಲ್ಲ, ಮೂಸಿ ನೋಡುತ್ತದೆ. ತನ್ನದೇ ವಾಸನೆ ಬಂದರೆ ಮೊಲೆ ಕೊಡುತ್ತದೆ. ಎಲಾ ಇವಳ! ಸೊರಬದ ಹೆಣ್ಣು ಕುರುಬನ ಮನೆ ವಿದ್ಯೆಯನ್ನು ಕುರುಬನ ಮೇಲೇ ಪ್ರಯೋಗಿಸಿದ್ದಾಳೆ. ತನ್ನ ಸೀರೆ ಹಾಸಿ ನಾಯಿಯನ್ನು ತನ್ನದು ಮಾಡಿಕೊಂಡಿದ್ದಾಳೆ. ಅದಕ್ಕೆ ಅವ್ವನ ಸಹಾಯ ಬೇರೆ.

ಹೊರಗೆ ಹೋಗಿದ್ದ ರೋಜಾ, ನಿಂಗಮ್ಮ ಮರಳುವುದಕ್ಕೂ ಚನ್ನೇಶನ ಕಾರು ಬಂದು ನಿಲ್ಲುವುದಕ್ಕೂ ಸರಿಯಾಯಿತು. ಹಬ್ಬಕ್ಕೆ ಅಕ್ಕನಿಗೆ ಬಾಗಿನ ಕೊಟ್ಟು ಹೋಗಲು ಬಂದಿದ್ದ. ಊಟ ಮುಗಿಸಿ ಅವನು ಹೊರಡುವಾಗ ಯತೀಶ ಯಾರೂ ಕಾಣದಂತೆ ಕೌದಿಯನ್ನು ಸುತ್ತಿ ಹಿಂದಿನ ಸೀಟಿಗೆ ಹಾಕಿದ.

"ನಿಮ್ಮಕ್ಕ ಜೂಲಿಗೆ ಅಂತ ಕೊಟ್ಟಾಳೆ. ನೀನು ಫೋನ್ ಮಾಡಿ ಉಪಕಾರ ಆಯ್ತು ಅಂತೆಲ್ಲ ಹೇಳಾಕೆ ಹೋಗ್ಬೇಡ. ಅವಳಿಗೆ ಮುಜುಗರ ಆಗ್ತದೆ."

"ಅಕ್ಕಂಗೆ ಮುಜುಗರವಾ?" ಎಂದ ಚನ್ನೇಶ್. ಅಂಥದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೂ ಭಾವನ ಮಾತಿಗೆ ಎದುರಾಡದೆ ಹೊರಟುಹೋದ.

ಖಾಲಿಯಾದ ಗೂಡಿಗೆ ಯತೀಶ ತನ್ನ ಇಸ್ತ್ರಿ ಮಾಡಿಟ್ಟ ಬಿಳೀ ಅಂಗಿಯನ್ನು ಹಾಸಿದ. ಒಳ್ಳೆಯ ಪ್ರೀತಿಗೆ ಒಳ್ಳೆಯ ಅಂಗಿಯೇ ಬೇಕು ಎಂದು ಅದರ ಮೇಲೆ ಮದುವೆಮನೆಗೆ ಹೊಡೆದುಕೊಳ್ಳುವ ಸೆಂಟನ್ನೂ ನಾಲ್ಕು ಸಲ ಪುಸ್ ಪುಸ್ ಎನ್ನಿಸಿದ. ವಾಸನೆಯ ವಿದ್ಯೆ ಬಲ್ಲವನು ಕೊನೆಗೆ ಮಾಡಿದ್ದು ಇದು.

ಕೆಂಚ ಬಂದು ತಲೆ ಹಾಕಿತು. ಮೂರು ಸಲ ಸೀನಿತು. ಹಿಂದೆ ಸರಿದು, ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಹೋಗಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗಿತು.

"ಕೌದಿ ಎಲ್ಲಿ?" ಎಂದಳು ರೋಜಾ.

"ಬಿಸಿಲಿಗೆ ಹಾಕಿದ್ದೆ. ಮಂಗ ಹೊತ್ಕೊಂಡು ಹೋಯ್ತು."

"ಮಂಗ ಕೌದಿ ಹೊತ್ಕೊಂಡು ಹೋಯ್ತಾ?"

"ದೊಡ್ಡ ಮಂಗ."

ರೋಜಾ ಗೂಡಿನೊಳಕ್ಕೆ ಬೆರಳು ತೋರಿಸಿದಳು. "ಅಂಗಿ?"

"ಬದಲಿಗೆ ಅಂತ ಹಾಕ್ದೆ. ಅದಕ್ಕೂ ಒಂದು ಬದಲಾವಣೆ ಬೇಕಲ್ಲ."

ಆ ಸಂಜೆ ಕೆಂಚ ಯತೀಶನ ಪಾದದ ಹತ್ತಿರ ಬಂದಿತು. ಗದ್ದ ಇಡಲಿಲ್ಲ, ಹತ್ತಿರ ಬಂದಿತು ಅಷ್ಟೆ. ಯತೀಶ ಜಗತ್ತನ್ನೇ ಗೆದ್ದವನಂತೆ ಅಂದು ಕುಕ್ಕರನ್ನು ಫಳಫಳ ಹೊಳೆಸಿದ. ಮಾರನೆಯ ದಿನ ನಾಯಿ ಅರ್ಧ ಊಟ ಬಿಟ್ಟಿತು. ಅದರ ಮಾರನೆಯ ದಿನ ಮನೆಯೆಲ್ಲ ಅಲೆಯಿತು, ಎಲ್ಲೂ ನೆಟ್ಟಗೆ ಮಲಗಲಿಲ್ಲ. "ಗುರುವಾರ ಗಣಪತಿ ಬಿಡ್ತಾರೆ. ಇದು ಗೂಡಿಗೆ ಹೋಗ್ತಾ ಇಲ್ಲ. ಎಂತ ಮಾಡೋದು?" ಎಂದು ರೋಜಾ ಚಿಂತೆಗೆ ಬಿದ್ದಳು. ಯತೀಶ ಪಾತ್ರೆಯ ಕಡೆ ಮುಖ ತಿರುಗಿಸಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬೀದಿಯ ತುದಿಯಲ್ಲಿ ಡಿಜೆಯವರು ಸೌಂಡ್ ಪರೀಕ್ಷೆಗೆ ಒಂದೇ ಒಂದು ಸಲ ಧಡ್ ಎನ್ನಿಸಿದರು. ಕೆಂಚ ಚಂಗನೆ ಎದ್ದು ಮಂಚದ ಕೆಳಗೆ ನುಗ್ಗಿತು. ಅಲ್ಲಿಂದ ಬೀರುವಿನ ಸಂದಿಗೆ, ಅಲ್ಲಿಂದ ಪೆಟ್ಟಿಗೆಯ ಬಾಗಿಲಿಗೆ. ಒಳಗೆ ಮೂಸಿ, ಸೀನಿ, ಕುಂಯ್ ಎಂದು ಅತ್ತು, ಹಿತ್ತಿಲ ಬಾಗಿಲನ್ನು ಪರಪರ ಕೆರೆಯತೊಡಗಿತು. ಯತೀಶ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡ. ಅದರ ಮೈ ಪಂಪ್‌ಸೆಟ್ಟಿನ ಹಾಗೆ ನಡುಗುತ್ತಿತ್ತು. ಒದ್ದಾಡಿ, ಅವನ ಕೈ ತರಚಿ, ಬಿಡಿಸಿಕೊಂಡು ಮತ್ತೆ ಬಾಗಿಲಿಗೆ ಹೋಯಿತು. ಮೆರವಣಿಗೆ ಹೊರಡುವುದು ಸಂಜೆ ನಾಲ್ಕಕ್ಕೆ. ಒಂದೇ ಧಡ್‌ಗೆ ಹೀಗಾದರೆ ನಾಲ್ಕು ಗಂಟೆಗೆ ಗತಿಯೇನು? ಯತೀಶನ ಕಣ್ಣ ಮುಂದೆ ಈಸೂರಿನ ಮೋರಿ ಬಂದು ನಿಂತಿತು.

ಆಗಲಾದರೂ ನಿಜ ಹೇಳಿಬಿಡಬಹುದಿತ್ತು. ಹೇಳುವುದಕ್ಕೆ ಬಾಯಿಯನ್ನೂ ತೆರೆದ. ಆದರೆ ಬಾಯಿಂದ ಬಂದದ್ದು, "ಅಂಗಡಿಗೆ ಬೂಸಾ ಲೋಡ್ ಬರ್ತೈತೆ. ಇಳಿಸಿ ಬಂದುಬಿಡ್ತೀನಿ" ಎಂಬ ಮಾತು. ಹೆಲ್ಮೆಟ್ ಹಾಕಿ, ಬೈಕಿನಲ್ಲೇ ಇರುತ್ತಿದ್ದ ಅಂಗಡಿಯ ಟವೆಲನ್ನು ಹೆಗಲಿಗೆಸೆದು ಬೈಕು ಹತ್ತಿದವನು ಅಂಗಡಿಯ ಮುಂದಿನಿಂದಲೇ ತಲೆ ತಗ್ಗಿಸಿ ದಾಟಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಗಾಡಿ ಬಿಟ್ಟ.

ಚನ್ನೇಶನ ಮನೆಯ ಗೇಟಿನಲ್ಲಿ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡಿತ್ತು. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಜೂಲಿ ಕರೆಂಟ್ ಬಿಲ್ಲಿನವನನ್ನು ಎರಡು ಸಲ ಮಾವಿನ ಮರ ಹತ್ತಿಸಿದ ನಾಯಿ. ಯತೀಶನನ್ನು ಕಂಡಾಗಲೂ ಇಷ್ಟು ವರ್ಷ ಹಲ್ಲನ್ನೇ ತೋರಿಸುತ್ತಿತ್ತು. ಅವನು ಹೆದರುತ್ತಲೇ ಗೇಟು ತೆರೆದ. ಜೂಲಿ ಬಾಣದಂತೆ ನುಗ್ಗಿ ಬಂತು. ಬಂದದ್ದು ಗಕ್ಕನೆ ನಿಂತು, ಅವನ ಪ್ಯಾಂಟು ಮೂಸಿ, ಬೆನ್ನ ಮೇಲೆ ಉರುಳಿ ನಾಲ್ಕೂ ಕಾಲು ಮೇಲೆತ್ತಿತು. ಆಮೇಲೆ ಎದ್ದು ಅವನ ಕೈ, ಮೊಣಕೈ, ಬಗ್ಗಿದಾಗ ಸಿಕ್ಕ ಕಿವಿ, ಕೆನ್ನೆ ಎಲ್ಲವನ್ನೂ ನೆಕ್ಕಿ ಒದ್ದೆ ಮಾಡಿತು.

ಚನ್ನೇಶ್ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. "ಇದೆಂಥದು ಭಾವ? ನಮ್ಮ ಮಾವನವರು ಬಂದರೂ ಹೀಗೆ ಮಾಡೂದಿಲ್ಲ ಇದು."

ಯತೀಶನ ಎದೆ ಎರಡಿಂಚು ಉಬ್ಬಿತು. "ಪ್ರಾಣಿಗಳಿಗೆ ಮನುಷ್ಯನ ಒಳಗಿಂದು ಗೊತ್ತಾಗ್ತದೆ ಚನ್ನೇಶ್. ಅದು ಎಲ್ಲರಿಗೂ ಬರಾದಲ್ಲ."

"ಕೌದಿ ಬಂದ ಮೇಲಂತೂ ಗೂಡು ಬಿಟ್ಟು ಏಳೂದೇ ಇಲ್ಲ ಮಾರಾಯ್ರೆ."

"ನಿಮ್ಮಕ್ಕನ ಸೀರೆಯ ಮಹಿಮೆ" ಎಂದ ಯತೀಶ, ಸ್ವಲ್ಪ ಕಹಿಯಾಗಿ.

"ಅಕ್ಕಂದಾ? ಹೋದ ತಿಂಗಳು ಅಕ್ಕ ಬಂದಾಗ ಅರ್ಧ ಗಂಟೆ ಬೊಗಳಿತ್ತಲ್ಲ."

ಯತೀಶನಿಗೆ ಈ ಮಾತು ತಲೆಯೊಳಗೆ ಇಳಿಯಲಿಲ್ಲ. ಹೊಗಳಿಕೆ ತುಂಬಿಕೊಂಡಿದ್ದ ತಲೆಯಲ್ಲಿ ಜಾಗವಿರಲಿಲ್ಲ. ತಪ್ಪಿ ಬೇರೆ ಕೌದಿ ಕೊಟ್ಟುಬಿಟ್ಟೆ, ಇದು ಅವ್ವನ ಹರಕೆಯ ಕೌದಿ ಎಂದು ಇನ್ನೊಂದು ಸುಳ್ಳು ಪೋಣಿಸಿ ಅದನ್ನು ಎಳೆದುಕೊಂಡ. ಜೂಲಿ ಇನ್ನೊಂದು ತುದಿ ಕಚ್ಚಿ ಎಳೆಯಿತು. ಇಬ್ಬರೂ ಅಂಗಳದಲ್ಲಿ ಹಗ್ಗಜಗ್ಗಾಟ ಆಡಿದರು. ಕೊನೆಗೆ ಜೂಲಿ ಕೌದಿ ಬಿಟ್ಟಿತು, ಅವನ ಹೆಗಲ ಮೇಲಿದ್ದ ಅಂಗಡಿಯ ಟವೆಲನ್ನು ಕಿತ್ತುಕೊಂಡಿತು. ಆ ಕೊಳೆ ಟವೆಲನ್ನು ಚಿನ್ನದ ಜರತಾರಿಯಂತೆ ಬಾಯಲ್ಲಿ ಹಿಡಿದು ಸೀದಾ ತನ್ನ ಗೂಡಿಗೆ ಒಯ್ದು ಅದರ ಮೇಲೆ ಮಲಗಿತು. ಪಾಪ, ಬುದ್ಧಿ ಕಡಿಮೆ ಎಂದುಕೊಂಡ ಯತೀಶ. ಚನ್ನೇಶನ ಹೆಂಡತಿ ಗಂಗಾಶ್ರೀ ಊಟಕ್ಕೆ ಕರೆದರೂ ನಿಲ್ಲದೆ ಕೌದಿಯನ್ನು ಬೈಕಿಗೆ ಕಟ್ಟಿಕೊಂಡು ಹೊರಟ.

ಶಿರಾಳಕೊಪ್ಪದ ಪೇಟೆಯಲ್ಲಿ ಅಲ್ಲಿನ ಗಣಪತಿಯೂ ಹೊರಟಿತ್ತು. ರಸ್ತೆ ತುಂಬ ಜನ. ಒಂದು ಗಂಟೆ ಅಲ್ಲೇ ಕಳೆಯಿತು. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇದ್ದರೂ ಡೊಳ್ಳಿನ ಸದ್ದಿನಲ್ಲಿ ಕೇಳಲಿಲ್ಲ. ಮನೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬೀದಿಯ ತುದಿಯಲ್ಲಿ ಲಾರಿ ಸಿಂಗಾರಗೊಂಡು ನಿಂತಿತ್ತು. ಕೌದಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಯತೀಶ ಮೆಲ್ಲಗೆ ಒಳಗೆ ಕಾಲಿಟ್ಟ.

"ಅಂಗಿ ಬಿಚ್ಚಿ" ಎಂದಳು ರೋಜಾ.

"ಏನು?"

"ಅಂಗಿ ಬಿಚ್ಚಿ ಅಂದೆ. ಬೇಗ. ಮನೆ ತುಂಬ ಹುಡುಕಿದೆ, ನಿಮ್ಮದು ಒಂದಾದರೂ ಒಗೆಯದ ಬಟ್ಟೆ ಇಲ್ಲ. ಬಕೆಟ್ಟಿನಲ್ಲಿಲ್ಲ, ಗೂಟದ ಮೇಲಿಲ್ಲ. ಹತ್ತು ವರ್ಷ ಒಂದು ಕರವಸ್ತ್ರ ಒಗೆಯದವರು ಈ ತಿಂಗಳೇ ಎಲ್ಲ ಒಗೆದು ಇಟ್ಟಿದೀರಿ. ಹನ್ನೊಂದು ಸಲ ಫೋನ್ ಮಾಡ್ದೆ. ಅಂಗಡಿಗೆ ಮಾಡಿದ್ರೆ ನಿಮ್ಮ ಆಳು ಕಲ್ಲಪ್ಪ, ಅಣ್ಣ ಇವತ್ತು ಬಂದೇ ಇಲ್ಲ ಅಂತಾನೆ."

"ನನ್ನ ಕೊಳೆ ಅಂಗಿ ನಿನಗ್ಯಾಕೆ?"

"ನನಗಲ್ಲ, ಕೆಂಚಂಗೆ."

ಯತೀಶನ ಬೆನ್ನ ಹಿಂದಿನ ಕೌದಿ ಜಾರಿ ನೆಲಕ್ಕೆ ಬಿತ್ತು. ರೋಜಾ ಕೌದಿ ನೋಡಿದಳು, ಅವನನ್ನು ನೋಡಿದಳು. "ಓಹೋ. ಮಂಗ ವಾಪಸ್ ತಂದು ಕೊಟ್ಟಿತಾ?"

ನಿಂಗಮ್ಮ ಎದ್ದು ಬಂದರು. ಕೌದಿಯನ್ನು ಎತ್ತಿ, ಕೆಂಪು ಅಂಚಿನ ಒಂದು ಗೇಣು ಹೊಲಿಗೆಯನ್ನು ಹಲ್ಲಿನಿಂದ ಕಡಿದು, ಬೆರಳು ಹಾಕಿ ಒಳಗಿನದನ್ನು ಹೊರಗೆಳೆದರು. ನೀಲಿ ಚೌಕಳಿ. ಅದರ ಕೆಳಗೆ ಜೇಬು ಹರಿದದ್ದು. ಅದರ ಕೆಳಗೆ ಇನ್ನೆರಡು. ಬೆಲ್ಲದ ಜತೆ ಹಿಂಡಿ ಕಲಸಿದಂಥ ಘಾಟು ನಡುಮನೆಗೆಲ್ಲ ಹರಡಿತು.

"ಮರಿ ಕೂಡಿಸಾಕೆ ತೊಗಲು ಕಟ್ತಿದ್ರು ನಿಮ್ಮಪ್ಪ. ನಾನು ಅಂಗಿ ಇಟ್ಟೆ" ಎಂದರು ನಿಂಗಮ್ಮ. "ಒಗಿಬ್ಯಾಡ, ಹಂಗೇ ಕೊಡು ಅಂತ ರೋಜಾಗೆ ನಾನೇ ಹೇಳಿದ್ದೆ."

"ಮತ್ತೆ ಸೀರೆ?"

"ಚೆಂದ ಕಾಣ್ಲಿ ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಕೌದಿಯೊಳಗೆ ಏನೈತೆ ಅಂತ ನೀನೆಲ್ಲಿ ಕೇಳಿದೆ? ನನಗೊಂದು ಯಾಕೆ ಹೊಲಿಲಿಲ್ಲ ಅಂತ ಮಾರಿ ಉಬ್ಬಿಸ್ಕೊಂಡು ಹೋದಿ."

ರೋಜಾಳ ದನಿ ಸ್ವಲ್ಪ ಇಳಿಯಿತು. "ನೀವು ಎಂಟಕ್ಕೆ ಹೋದವರು ಬರೋದು ಏಳಕ್ಕೆ. ಅಲ್ಲಿ ತನಕ ಇದು ಎಂತ ಮಾಡ್ತಿತ್ತು ಅಂತ ಯಾವತ್ತಾದ್ರೂ ಕೇಳಿದ್ರಾ? ನಿಮ್ಮ ಚಪ್ಪಲಿಯೊಳಗೆ ಮೂಗಿಟ್ಟು ಬಾಗಿಲು ಕಾಯ್ತಿತ್ತು. ಯಾವ ಬೈಕು ಬಂದರೂ ಏಳೋದು, ಮತ್ತೆ ಕೂರೋದು. ದಿನಾ ಹನ್ನೊಂದು ಗಂಟೆ. ಗೂಡಿಗೆ ಹೋದ ಮೇಲೇ ಪಾಪ ಅದು ಹಗಲು ನಿದ್ದೆ ಅಂತ ಮಾಡಿದ್ದು."

ಇಡೀ ತಿಂಗಳು ಯತೀಶ ಹೊಟ್ಟೆ ಉರಿಸಿಕೊಂಡದ್ದು ತನ್ನದೇ ನಾಲ್ಕು ಹರಕು ಅಂಗಿಗಳ ಮೇಲೆ. ಕಣ್ಣಿಗೆ ಧೂಳು ಬೀಳುವ ಲಕ್ಷಣ ಕಾಣಿಸಿತು. ಅಂಗಿ ಬಿಚ್ಚಿ ಕೌದಿಯ ಮೇಲಿಟ್ಟು, ಎರಡನ್ನೂ ಗೂಡಿನೊಳಗೆ ಹಾಸಿ, ಬನಿಯನ್ನಿನಲ್ಲಿ ನೆಲಕ್ಕೆ ಕೂತು, ಮಂಚದ ಕೆಳಗೆ ನೋಡಿ ಮೆಲ್ಲಗೆ ಕರೆದ. "ಕೆಂಚಾ, ಬಾರಪ್ಪ."

ಕೆಂಚ ತೆವಳುತ್ತಾ ಹೊರಬಂತು. ಗೂಡಿಗೆ ತಲೆ ಹಾಕಿ ಅಂಗಿಯನ್ನು ಮೂಸಿತು, ಬಾಲ ಆಡಿತು. ಕೌದಿಯನ್ನು ಮೂಸಿತು, ಬಾಲ ನಿಂತಿತು. ಇನ್ನೊಮ್ಮೆ ಮೂಸಿತು. ಅಲ್ಲಿ ಬೇರೆ ಯಾರೋ ಮಲಗಿ ಎದ್ದಿದ್ದರು. ತಿರುಗಿ ಯತೀಶನ ಹತ್ತಿರ ಬಂತು. ಕೈ, ಮೊಣಕೈ, ಕಿವಿ, ಕೆನ್ನೆ, ಜೂಲಿ ನೆಕ್ಕಿದ ಒಂದೊಂದು ಜಾಗವನ್ನೂ ಪೊಲೀಸರು ಸ್ಥಳ ಮಹಜರು ಮಾಡುವಂತೆ ನಿಧಾನವಾಗಿ ಪರೀಕ್ಷಿಸಿತು. ಕೊನೆಗೆ ಅವನ ಮುಖವನ್ನು ನೇರವಾಗಿ ನೋಡಿತು. ಆ ನೋಟವನ್ನು ಯತೀಶ ಈ ಮೊದಲು ಕಂಡಿದ್ದ. ಇಡೀ ತಿಂಗಳು ತಾನು ಉಜ್ಜಿ ಹೊಳೆಸಿದ ಕುಕ್ಕರಿನಲ್ಲಿ ಅದೇ ನೋಟ ಕಾಣುತ್ತಿತ್ತು.

"ಸೊರಬಕ್ಕೆ ಹೋಗಿದ್ರಾ?" ಎಂದಳು ರೋಜಾ. ನಾಯಿಯ ಮುಖ ನೋಡಿಯೇ ಅವಳಿಗೆ ಅರ್ಥವಾಗಿತ್ತು.

ಕೆಂಚ ಗುರ್ ಎಂದಿತು. ಗೂಡಿನೊಳಗೆ ಹೋಯಿತು. ಕೌದಿಯನ್ನು ಕಾಲಿನಿಂದ ಕೆರೆದು, ಬಾಯಿಂದ ಜಗ್ಗಿ, ಮುದ್ದೆ ಮಾಡಿ ತನ್ನ ಹೊಟ್ಟೆಯ ಕೆಳಗೆ ಒತ್ತಿಕೊಂಡಿತು. ಆಮೇಲೆ ಯತೀಶನಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿತು.

ಅಷ್ಟರಲ್ಲಿ ಲಾರಿ ಮನೆಯ ಮುಂದೆ ಬಂತು. ಧಡ್ ಧಡ್ ಎಂಬ ಹೊಡೆತಕ್ಕೆ ಕಿಟಕಿ ಗಾಜು ಗದಗುಟ್ಟಿತು, ಅಡುಗೆಮನೆಯಲ್ಲಿ ಲೋಟ ಉರುಳಿತು, ನಿಂಗಮ್ಮ ಕಿವಿ ಮುಚ್ಚಿಕೊಂಡರು. ಯತೀಶ ಉಸಿರು ಹಿಡಿದು ಪೆಟ್ಟಿಗೆಯನ್ನೇ ನೋಡಿದ. ಕೆಂಚ ಕಿವಿಯನ್ನೂ ಎತ್ತಲಿಲ್ಲ. ಮುನಿಸಿಕೊಂಡು ಕೂತವನಿಗೆ ಹೆದರಲು ಪುರಸೊತ್ತೆಲ್ಲಿ? ಕಾಲು ಗಂಟೆ ಕಾಲ ಬೀದಿಯೇ ಹಾರಿಹೋಗುವಂಥ ಸದ್ದಾಯಿತು. ಸದ್ದು ತಿರುವಿನಲ್ಲಿ ಮರೆಯಾದರೂ ಆ ಬೆನ್ನು ಹಾಗೆಯೇ ಇತ್ತು.

ಯತೀಶ ಗೂಡಿನ ಬಾಗಿಲಲ್ಲಿ ಮೊಣಕಾಲೂರಿ ಬೇಡಿಕೊಳ್ಳತೊಡಗಿದ. "ಕೆಂಚಪ್ಪಾ, ಅದು ಹಂಗಲ್ಲೋ. ಅವಳೇ ಬಂದು ನೆಕ್ಕಿದ್ದು. ನಾನೇನೂ ಮಾಡ್ಲಿಲ್ಲ ಕಣೋ."

ಆಗಲೇ ಅವನ ಫೋನು ಬಡಿದುಕೊಂಡಿತು. ಚನ್ನೇಶನದು. "ಭಾವ, ಟವೆಲ್ ಒಂದೇ ಸಾಕಾಗೂದಿಲ್ಲ ಅಂತದೆ ಜೂಲಿ. ಒಗೆಯದ ಅಂಗಿ ಒಂದಿದ್ದರೆ ಕಳಿಸಿ" ಎನ್ನುವುದು ನಡುಮನೆಗೆಲ್ಲ ಕೇಳಿಸಿತು. ಪೆಟ್ಟಿಗೆಯೊಳಗಿಂದ ಇನ್ನೊಂದು ಗುರ್ ಬಂತು.

"ಇದಕ್ಕೆ ಎಲ್ಲಿಂದ ಬಂತೇ ಈ ಹೊಟ್ಟೆಕಿಚ್ಚು?" ಎಂದ ಯತೀಶ ದೀನನಾಗಿ.

ರೋಜಾ ಸಿಂಕಿನಲ್ಲಿ ಬಿದ್ದಿದ್ದ ಪಾತ್ರೆಗಳ ಕಡೆ ಕೈ ತೋರಿಸಿ ಹೇಳಿದಳು. "ನಾಲ್ಕು ಅಂಗಿ ಜಾಸ್ತಿ ಆಯ್ತು ಕಾಣ್ತದೆ. ವಾಸನೆಯ ಜೊತೆ ನಿಮ್ಮ ಗುಣವೂ ಹತ್ತಿಬಿಟ್ಟಿದೆ."